ಬೇಸ್‌ಮೆಂಟಿನ ಹದಿನಾರು ಸಾಲು

ಮೊದಲು ಫರ್ನೇಸು ನಿಲ್ಲಬೇಕು, ಆಮೇಲೆ ಹಾಡು. ಕೆನಡಾದ ಚಳಿಗಾಲದಲ್ಲಿ ಮನೆಯೊಳಗೆ ಕೂತು ರೆಕಾರ್ಡಿಂಗ್ ಮಾಡುವವರ ಪಾಲಿಗೆ ಇದು ಮೊದಲ ಪಾಠ. ಬೇಸ್‌ಮೆಂಟಿನ ಮೂಲೆಯಲ್ಲಿರುವ ಆ ಕಬ್ಬಿಣದ ಪೆಟ್ಟಿಗೆ ಆಗಾಗ ಗುರ್ರೆಂದು ಎದ್ದು, ತಗಡಿನ ಕೊಳವೆಗಳ ಮೂಲಕ ಮನೆಯ ಎಲ್ಲ ಕೋಣೆಗೂ ಬಿಸಿಗಾಳಿ ನುಗ್ಗಿಸಿ, ಸಾಕಷ್ಟು ಬೆಚ್ಚಗಾಯಿತೆಂದು ಗೊತ್ತಾದ ಮೇಲೆ ತನ್ನಷ್ಟಕ್ಕೆ ಸುಮ್ಮನಾಗುತ್ತದೆ. ಮನೆಯವರ ಕಿವಿಗೆ ರೂಢಿಯಾಗಿಬಿಟ್ಟ ಆ ಸದ್ದು ಅವರಿಗೆ ಕೇಳಿಸುವುದೇ ಇಲ್ಲ. ಆದರೆ ಮೈಕು ಅದನ್ನು ಬಿಡುವುದಿಲ್ಲ. ಅದಕ್ಕೇ ಟೊರೊಂಟೊದ ಉತ್ತರಕ್ಕಿರುವ ರಿಚ್ಮಂಡ್ ಹಿಲ್‌ನ ಈ ಮನೆಯಲ್ಲಿ ನನ್ನ ತಂಗಿಯ ಮಗ ಮೆಟ್ಟಿಲ ಬುಡದಲ್ಲಿ ನಿಂತು, ಅಡುಗೆಮನೆಯ ಕಡೆ ಕತ್ತೆತ್ತಿ, "ಅಮ್ಮಾ, ಆಫ್ ಮಾಡ್ತೀಯಾ?" ಎಂದು ಕೂಗುತ್ತಾನೆ. "ಅರ್ಧ ಗಂಟೆ ಅಷ್ಟೇ ಕಣೋ, ಅಜ್ಜಿಗೆ ಥಂಡಿ ಆಗತ್ತೆ" ಎಂಬ ಉತ್ತರ ಮೇಲಿಂದ ಇಳಿಯುತ್ತದೆ. ಕೊಳವೆಯ ತಗಡು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತದೆ. ಅದೂ ನಿಂತ ಮೇಲೆ ಅವನು ಹೆಡ್‌ಫೋನು ಏರಿಸುತ್ತಾನೆ. "ದೊಡ್ಡಮ್ಮ, ಇಲ್ಲಿ ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದು ಕಿರ್ ಅನ್ನತ್ತೆ."

ನೀವೂ ಬನ್ನಿ, ಈ ಹಳೆಯ ಟ್ರಂಕಿನ ಮೇಲೆ ಕೂರೋಣ. ಸ್ಟುಡಿಯೋ ಎಂದರೆ ಗಾಜಿನ ಗೋಡೆ, ದೀಪ ಮಿನುಗುವ ಉದ್ದನೆಯ ಮೇಜು ಎಂದುಕೊಂಡು ಬಂದವರಿಗೆ ಇಲ್ಲಿ ಕಾಣುವುದು ಬೇರೆಯೇ. ಒಂದು ಗೋಡೆಗೆ ಹಳೆಯ ಹಾಸಿಗೆ ಒರಗಿಸಿದ್ದಾನೆ. ಇನ್ನೊಂದಕ್ಕೆ ಮನೆ ಬದಲಾಯಿಸುವವರು ಸಾಮಾನಿಗೆ ಸುತ್ತುವ ದಪ್ಪ ಕಂಬಳಿ ಮೊಳೆ ಹೊಡೆದು ಇಳಿಬಿಟ್ಟಿದ್ದಾನೆ. ಮೂಲೆಯ ಕ್ಲಾಸೆಟ್ಟಿನಲ್ಲಿ ಮನೆಮಂದಿಯ ಚಳಿಗಾಲದ ಕೋಟುಗಳೆಲ್ಲ ಸಾಲಾಗಿ ತೂಗುತ್ತಿವೆ. ಅವುಗಳನ್ನು ಎರಡು ಕಡೆಗೆ ಸರಿಸಿ ನಡುವೆ ಒಂದು ಮೈಕು ನಿಲ್ಲಿಸಿದರೆ ಅದೇ ಹಾಡುವ ಜಾಗ. ಉಣ್ಣೆ, ಹತ್ತಿ, ಗರಿ ತುಂಬಿದ ಜಾಕೆಟ್ಟು ಎಲ್ಲವೂ ದನಿಯನ್ನು ಹೀರಿಕೊಂಡು ಗೋಡೆಗೆ ಬಡಿದು ಮರಳದ ಹಾಗೆ ನೋಡಿಕೊಳ್ಳುತ್ತವೆ. ಮೈಕಿನ ಮುಂದೆ ಬಳೆಯಷ್ಟು ದುಂಡನೆಯ ಚೌಕಟ್ಟಿಗೆ ತೆಳುವಾದ ಬಲೆ ಬಿಗಿದಿದೆ. 'ಪ', 'ಬ' ಎನ್ನುವಾಗ ತುಟಿಯಿಂದ ಚಿಮ್ಮುವ ಗಾಳಿ ಅದಕ್ಕೆ ಬಡಿದು ಚೆದುರುತ್ತದೆ. ನುಸಿಗುಳಿಗೆಯ ವಾಸನೆ, ಪಕ್ಕದ ವಾಷಿಂಗ್ ಮೆಷೀನಿನ ಸೋಪಿನ ವಾಸನೆ, ಇವೆರಡರ ಮೇಲೆ ಆ ಬಿಸಿಗಾಳಿಯ ಕೊಳವೆ ಹಿಡಿದು ಇಳಿದು ಬಂದ ಇಂಗಿನ ಒಗ್ಗರಣೆ. ಈ ಮೂರೂ ಸೇರಿದ ಗಾಳಿಯಲ್ಲಿ ನಿಂತು ಅವನು ಕಣ್ಣು ಮುಚ್ಚಿ ತಲೆಯಾಡಿಸತೊಡಗುತ್ತಾನೆ.

ನಮಗೆ ತಾಳ ಕೇಳಿಸದು, ಅದು ಅವನ ಹೆಡ್‌ಫೋನಿನಲ್ಲಿದೆ. ನಮಗೆ ಕೇಳುವುದು ಬರೀ ಮಾತು. ಉಸಿರು ಎಳೆದುಕೊಂಡದ್ದು, ನಾಲಿಗೆ ಹಲ್ಲಿಗೆ ತಾಗಿದ್ದು, ಪ್ರಾಸದ ಅಕ್ಷರ ಬಂದಾಗ ಕಾಲ್ಬೆರಳು ನೆಲಕ್ಕೊತ್ತಿದ್ದು ಎಲ್ಲವೂ. ಹದಿನಾರು ಸಾಲು ಹಿಪ್‌ಹಾಪಿನ ರೂಢಿಯ ಒಂದು ಚರಣ. ಅದನ್ನು ಫೋನಿನಲ್ಲಿ ಬರೆದುಕೊಂಡಿದ್ದಾನೆ, ಉಸಿರು ತೆಗೆದುಕೊಳ್ಳಬೇಕಾದ ಕಡೆಯೆಲ್ಲ ಒಂದೊಂದು ಅಡ್ಡಗೆರೆ ಎಳೆದಿದ್ದಾನೆ. ಆರನೆಯ ಸಾಲಿನಲ್ಲಿ ಗಂಟಲು ಸಿಕ್ಕಿಕೊಳ್ಳುತ್ತದೆ. ಮತ್ತೆ ಮೊದಲಿಂದ. ಹನ್ನೊಂದರಲ್ಲಿ ಒಂದು ಪದ ತಾಳಕ್ಕಿಂತ ಮುಂಚೆ ಬಿತ್ತು. ಮತ್ತೆ. ಸರಿಯಾಯಿತು ಎಂದು ನಮಗೆ ಅನಿಸಿದಾಗಲೂ ಅವನು ತಲೆ ಅಡ್ಡಡ್ಡ ಆಡಿಸುತ್ತಾನೆ. ಕೊನೆಗೆ ಒಂದು ಒಪ್ಪಿಗೆಯಾದ ಮೇಲೆ ಅದೇ ಹದಿನಾರು ಸಾಲನ್ನು ಅದೇ ಏರಿಳಿತದಲ್ಲಿ ಇನ್ನೊಂದು ಸಲ ಹಾಡಿ ಮೊದಲಿನದರ ಮೇಲೆ ಕೂರಿಸುತ್ತಾನೆ, ದನಿಗೆ ಮೈ ಬರಲೆಂದು. ಆಮೇಲೆ ಸಾಲಿನ ತುದಿಗಷ್ಟೇ ಒಂದು 'ಹಾ', ಒಂದು 'ಏಯ್', ಕೊನೆಯ ಪದದ ಒಂದು ಮಾರ್ದನಿ. ಗೀಗೀ ಮೇಳದ ಹಾಡಿಕೆ ಕೇಳಿದವರಿಗೆ ಇದು ಹೊಸದಲ್ಲ. ಮುಂದಿನವರು ಪದ ಎತ್ತಿದರೆ ಹಿಂದಿನವರು ಸೊಲ್ಲು ಹಿಡಿದು 'ಗೀಯ ಗೀಯ' ಎಂದು ಎತ್ತಿ ಕೊಡುತ್ತಾರಲ್ಲ, ಅದೇ ಕೆಲಸ. ಇಲ್ಲಿ ಮುಂದಿನವನೂ ಅವನೇ, ಹಿಂದಿನವರೂ ಅವನೇ.

ಅದೇಕೆ, ಈ ಬೇಸ್‌ಮೆಂಟಿನಲ್ಲಿ ಎಲ್ಲರೂ ಅವನೇ. ತಾಳ ಕೂರಿಸುವವನು, ಬರೆಯುವವನು, ಹಾಡುವವನು, ಹಾಡಿದ್ದನ್ನು ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸುವವನು, ಹಾಡಿನ ಮುಖಚಿತ್ರಕ್ಕೆ ಹಿಮದಲ್ಲಿ ನಿಂತು ತನ್ನ ಫೋಟೋ ತಾನೇ ತೆಗೆದುಕೊಳ್ಳುವವನು. ಹಗಲು ಬೇರೆ ಕೆಲಸವಿದೆ, ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸಿ ಲಾರಿಗೆ ಕಳಿಸುವುದು. ಆ ಸಂಬಳದಲ್ಲಿ ಈ ಮೈಕು ಬಂತು. ಕಂಪನಿಯ ಹಂಗಿಲ್ಲದ ಕಲಾವಿದ ಎಂದು ಹೇಳುವುದು ಸುಲಭ. ಹತ್ತಿರದಿಂದ ನೋಡಿದರೆ ಅದು ಹತ್ತು ಜನರ ದುಡಿಮೆಯನ್ನು ಒಬ್ಬನೇ ಹೊತ್ತುಕೊಂಡ ಬದುಕು. ಅಷ್ಟಾಗಿಯೂ ಅದು ಒಬ್ಬನದೇ ಅಲ್ಲ. ಮೇಲೆ ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿರುವ ಅಜ್ಜಿಯೂ ಈ ಹಾಡಿಗೆ ಏನೋ ಕೊಟ್ಟಿದ್ದಾರೆ.

ಚಳಿ ಸಹಿಸಿದ್ದಷ್ಟೇ ಅಲ್ಲ, ಮಾತನ್ನೂ ಕೊಟ್ಟಿದ್ದಾರೆ. ಚರಣದ ಮೊದಲರ್ಧ ಇಂಗ್ಲಿಷು, ಎಂಟನೆಯ ಸಾಲಿಗೆ ಮೈಸೂರಿನ ಅಗ್ರಹಾರದ ಓಣಿ ಬರುತ್ತದೆ, ಅಲ್ಲಿಂದ ಮುಂದೆ ಕನ್ನಡ. ನಡುರಾತ್ರಿ ಫೋನು ಬಂದರೆ ಮನೆಯವರೆಲ್ಲ ಬೆಚ್ಚಿ ಏಳುವುದು, ಅಲ್ಲಿ ಬೆಳಗಾದಾಗ ಇಲ್ಲಿ ಕತ್ತಲು, ಅಜ್ಜ ಹೋದ ಸುದ್ದಿ ವಾಟ್ಸ್‌ಆಪಿನಲ್ಲಿ ಬಂದದ್ದು ಇವೆಲ್ಲ ಆ ಸಾಲುಗಳಲ್ಲಿವೆ. "ಯಾವ ಭಾಷೆ ಅಂತ ಮೊದಲೇ ಯೋಚನೆ ಮಾಡ್ತೀಯೇನೋ?" ಎಂದು ಕೇಳಿದೆ. "ಇಲ್ಲ ದೊಡ್ಡಮ್ಮ. ಸಿಟ್ಟು ಬಂದ್ರೆ ಇಂಗ್ಲಿಷಲ್ಲೇ ಬರತ್ತೆ. ಅಜ್ಜನ ಬಗ್ಗೆ ಬರೆಯಕ್ಕೆ ಹೋದ್ರೆ ಇಂಗ್ಲಿಷು ಕೈ ಕೊಡತ್ತೆ." ಅವನ 'ಳ' ಇನ್ನೂ ಪೂರ್ತಿ ಹೊರಳುವುದಿಲ್ಲ. ತಾಳಕ್ಕೆ ಸಿಕ್ಕಾಗ ಮಾತ್ರ ಅದು ಹೇಗೋ ಸರಿಯಾಗಿ ಬೀಳುತ್ತದೆ.

ರಾತ್ರಿ ಹನ್ನೊಂದರ ಮೇಲೆ ಹಾಡಿನ ನಿಜವಾದ ಪರೀಕ್ಷೆ. ಅದು ನಡೆಯುವುದು ಮನೆ ಮುಂದೆ ನಿಂತ ಕಾರಿನಲ್ಲಿ. ಎಲ್ಲ ಸೇರಿಸಿ ಹದ ಮಾಡಿದ ಹಾಡನ್ನು ಫೋನಿಗೆ ಹಾಕಿಕೊಂಡು, ಬೂಟು ಜಾಕೆಟ್ಟು ಏರಿಸಿಕೊಂಡು ಹೊರಬಿದ್ದರೆ ಚಳಿ ಮೊದಲು ಮೂಗಿನ ಒಳಗನ್ನು ಕಚ್ಚುತ್ತದೆ. ರಸ್ತೆಗೆ ಚೆಲ್ಲಿದ ಉಪ್ಪಿನ ಹರಳು ಕಾಲಡಿಯಲ್ಲಿ ಪರಪರ ಎನ್ನುತ್ತದೆ. ಕಾರಿನ ಬಾಗಿಲು ಹಾಕಿಕೊಂಡು ವಾಲ್ಯೂಮು ಏರಿಸಿದ ಕೂಡಲೇ ಕೆಳದನಿಯ ಡ್ರಮ್ಮು ಸೀಟಿನ ಬೆನ್ನಿನಿಂದ ನಮ್ಮ ಬೆನ್ನಿಗೆ ಏರಿ ಬರುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿ ನಡುಗುತ್ತಾನೆ. ಬೇಸ್‌ಮೆಂಟಿನ ಸ್ಪೀಕರಿನಲ್ಲಿ ಚೆನ್ನಾಗಿದ್ದ ಮಾತು ಇಲ್ಲಿ ಡ್ರಮ್ಮಿನ ಕೆಳಗೆ ಮುಳುಗಿಹೋಗಿದೆ. ಅವನು ಫೋನಿನಲ್ಲಿ ಬರೆದುಕೊಳ್ಳುತ್ತಾನೆ: ಒಂಬತ್ತನೇ ಸಾಲು, ದನಿ ಮೇಲೆ, ಬೇಸ್ ಕೆಳಗೆ. ಸ್ಟುಡಿಯೋದಲ್ಲಿ ಪಳಗಿದ ದೊಡ್ಡವರಲ್ಲೂ ಎಷ್ಟೋ ಜನ ಕಾರಿನಲ್ಲಿ ಕೇಳದೆ ಹಾಡಿಗೆ ಒಪ್ಪಿಗೆ ಹಾಕುವುದಿಲ್ಲ. ಈ ಊರುಗಳ ಜನ ಹಾಡು ಕೇಳುವ ಜಾಗ ಕಾರೇ, ಕೆಲಸಕ್ಕೆ ಹೋಗುತ್ತ ಬರುತ್ತ.

ಹಗಲಿನಲ್ಲಿ ರಿಚ್ಮಂಡ್ ಹಿಲ್ ನೋಡಿದವರು ಇಲ್ಲಿ ಹಿಪ್‌ಹಾಪ್ ಹುಟ್ಟುತ್ತದೆ ಎಂದು ಊಹಿಸಲಾರರು. ಒಂದು ಕಾಲದಲ್ಲಿ ಗಾಜಿನ ಮನೆಗಳಲ್ಲಿ ಗುಲಾಬಿ ಬೆಳೆದು ಹೆಸರಾದ ಊರು. 1935ರಲ್ಲಿ ತೆರೆದ ಡೇವಿಡ್ ಡನ್‌ಲಪ್ ವೀಕ್ಷಣಾಲಯದ ಬಿಳಿ ಗುಮ್ಮಟ ಇನ್ನೂ ಮರಗಳ ಮೇಲೆ ತಲೆಯೆತ್ತಿ ನಿಂತಿದೆ. ಅದರೊಳಗಿರುವುದು ಕೆನಡಾದ ಅತಿ ದೊಡ್ಡ ಆಪ್ಟಿಕಲ್ ದೂರದರ್ಶಕ. ಪಟ್ಟಣವಾಗಿದ್ದದ್ದು ನಗರ ಎನಿಸಿಕೊಂಡದ್ದು ಈಚೆಗೆ, 2019ರಲ್ಲಿ. 2021ರ ಜನಗಣತಿಯಲ್ಲಿ ಜನಸಂಖ್ಯೆ 2 ಲಕ್ಷ ದಾಟಿತ್ತು. ಆದರೆ ಊರಿನ ನಿಜವಾದ ಪರಿಚಯ ಸಿಗುವುದು ಯಂಗ್ ರಸ್ತೆಯ ಅಂಗಡಿಗಳ ಬೋರ್ಡಿನಲ್ಲಿ. ಪಾರಸಿ ಲಿಪಿಯ ಪಕ್ಕ ಚೀನೀ ಲಿಪಿ, ಅದರ ಪಕ್ಕ ಕೊರಿಯನ್ನರದು, ಎಲ್ಲೋ ಒಂದು ಕಡೆ ರಷ್ಯನ್. ಇರಾನಿ ಬೇಕರಿಯ ಮುಂದೆ ನಿಂತರೆ ಬಿಸಿ ಬೆಣಚುಕಲ್ಲಿನ ಮೇಲೆ ಸುಟ್ಟ ಉದ್ದನೆಯ ರೊಟ್ಟಿ ಒಲೆಯಿಂದ ಬರುತ್ತಿರುತ್ತದೆ. ಹಿಟ್ಟು, ಎಳ್ಳು, ಹೊಗೆಯ ವಾಸನೆ. ಕೊಂಡವರು ರೊಟ್ಟಿಗೆ ಅಂಟಿದ ಕಲ್ಲಿನ ಚೂರುಗಳನ್ನು ಬೆರಳಿನಿಂದ ತಟ್ಟಿ ಬೀಳಿಸಿಕೊಂಡೇ ಹೊರಡುತ್ತಾರೆ.

ಇದೇ ರಸ್ತೆಯಲ್ಲಿ 2022ರ ಅಕ್ಟೋಬರ್ 1ರಂದು 50 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರೆಂದು ಪೊಲೀಸರೇ ಅಂದಾಜು ಮಾಡಿದ್ದರು. ಟೆಹರಾನಿನಲ್ಲಿ ಮಹ್ಸಾ ಅಮೀನಿ ಎಂಬ ಹೆಣ್ಣುಮಗಳು ಪೊಲೀಸರ ವಶದಲ್ಲಿದ್ದಾಗ ಸತ್ತ ಮೇಲೆ ಎದ್ದ ಕೂಗು ಇಲ್ಲಿಯ ಯಂಗ್ ರಸ್ತೆಯನ್ನೂ ತುಂಬಿತ್ತು. ಅದೇ ತಿಂಗಳು ಮುಗಿಯುವ ಹೊತ್ತಿಗೆ ಇರಾನಿನಲ್ಲಿ ತೂಮಾಜ್ ಸಾಲೆಹಿ ಎಂಬ ರ‍್ಯಾಪರ್ ಬಂಧನಕ್ಕೊಳಗಾದ. ಲೋಹದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತ, ಯಾವ ಕಂಪನಿಯೂ ಬೆನ್ನಿಗಿಲ್ಲದೆ ತನ್ನ ಹಾಡುಗಳನ್ನು ತಾನೇ ಇಂಟರ್ನೆಟ್ಟಿಗೆ ಏರಿಸುತ್ತಿದ್ದವನು. 2024ರ ಏಪ್ರಿಲ್‌ನಲ್ಲಿ ಅವನಿಗೆ ಮರಣದಂಡನೆಯ ತೀರ್ಪಾಯಿತು, ಜೂನ್‌ನಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು, ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಹದಿನಾರು ಸಾಲಿಗೆ ಇಷ್ಟು ಬೆಲೆ ತೆರಬೇಕಾದ ದೇಶಗಳೂ ಇವೆ ಎಂಬುದು ರೊಟ್ಟಿಯ ಸಾಲಿನಲ್ಲಿ ನಿಂತ ಈ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನ ಜೊತೆ ಶಾಲೆಯಲ್ಲಿ ಓದಿದವರಲ್ಲಿ ಅರ್ಧ ಜನ ಇರಾನಿ ಮನೆಗಳ ಮಕ್ಕಳೇ.

ಯಂಗ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ವೀವಾ ಎಂಬ ನೀಲಿ ಬಸ್ಸು ಫಿಂಚ್ ನಿಲ್ದಾಣಕ್ಕೆ ತಲುಪಿಸುತ್ತದೆ. ಅಲ್ಲಿಂದ ಸುರಂಗದ ರೈಲು. ಕಿಟಕಿಯಾಚೆ ಹೆಚ್ಚಾಗಿ ಕತ್ತಲು, ಒಳಗೆ ಒದ್ದೆ ಬೂಟುಗಳಿಂದ ಇಳಿದ ಕಂದು ನೀರು ಬೋಗಿಯ ನೆಲದಲ್ಲಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತಿರುತ್ತದೆ. ಮೇಲೇರಿ ಡಂಡಾಸ್ ಮೂಲೆಯಲ್ಲಿ ನಿಂತರೆ ಭಾರೀ ಜಾಹೀರಾತಿನ ಪರದೆಗಳು, ಬಕೆಟ್ಟು ಬೋರಲು ಹಾಕಿ ಕೋಲಿನಲ್ಲಿ ಬಾರಿಸುವ ಹುಡುಗರು, ಹಾಟ್‌ಡಾಗ್ ಗಾಡಿಯಿಂದ ಏಳುವ ಈರುಳ್ಳಿಯ ಹಬೆ. ಟೊರೊಂಟೊದ ಹಿಪ್‌ಹಾಪ್ ಚರಿತ್ರೆಯ ಒಂದು ಮುಖ್ಯ ತುಂಡು ಈ ಮೂಲೆಯ ಸುತ್ತಮುತ್ತಲೇ ಇದೆ. ಪಕ್ಕದ, ಆಗ ರೈರ್ಸನ್ ಎನಿಸಿಕೊಂಡಿದ್ದ ವಿದ್ಯಾಸಂಸ್ಥೆಯ ಸಿಕೆಎಲ್‌ಎನ್ ರೇಡಿಯೋದಲ್ಲಿ 1983ರಲ್ಲಿ ರಾನ್ ನೆಲ್ಸನ್ 'ಫೆಂಟಾಸ್ಟಿಕ್ ವಾಯೇಜ್' ಎಂಬ ಕಾರ್ಯಕ್ರಮ ಶುರುಮಾಡಿದರು. ದೊಡ್ಡ ಸ್ಟೇಷನ್ನುಗಳು ಮೂಸಿಯೂ ನೋಡದ ಸಂಗೀತಕ್ಕೆ ವಿದ್ಯಾರ್ಥಿಗಳ ಸಣ್ಣ ಟ್ರಾನ್ಸ್‌ಮಿಟರು ಜಾಗ ಕೊಟ್ಟಿತು. ಆಗಿನ ಹುಡುಗರು ಟೇಪ್‌ರೆಕಾರ್ಡರಿನ ಬಟನ್ನಿನ ಮೇಲೆ ಬೆರಳಿಟ್ಟು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು.

1989ರಲ್ಲಿ ಮೈಸ್ಟ್ರೋ ಫ್ರೆಶ್ ವೆಸ್ ಹಾಡಿದ 'ಲೆಟ್ ಯುವರ್ ಬ್ಯಾಕ್‌ಬೋನ್ ಸ್ಲೈಡ್' ಕೆನಡಾದಲ್ಲಿ ಗೋಲ್ಡ್ ದರ್ಜೆ ಮುಟ್ಟಿದ ಮೊದಲ ಸ್ವದೇಶಿ ರ‍್ಯಾಪ್ ಸಿಂಗಲ್. ಅದನ್ನು ಹೊರತರಲು ಮುಂದೆ ಬಂದದ್ದು ಮಾತ್ರ ಅಮೆರಿಕದ ಕಂಪನಿ. 1991ರಲ್ಲಿ ಕೆನಡಾದ ಸಂಗೀತಕ್ಕೆ ಕೊಡುವ ಜೂನೋ ಪ್ರಶಸ್ತಿಗೆ ರ‍್ಯಾಪ್ ವಿಭಾಗ ಬಂದಾಗ ಮೊದಲನೆಯದು ಅವರ ಕೈಸೇರಿತು. ಅವರ ಹೆಸರು ಕೆನಡಾದ ಸಂಗೀತ ಸಾಧಕರ ಗೌರವಪಟ್ಟಿಗೆ ಸೇರಲು 2024 ಬರಬೇಕಾಯಿತು. ರ‍್ಯಾಪರ್ ಒಬ್ಬರು ಆ ಪಟ್ಟಿ ಸೇರಿದ್ದು ಅದೇ ಮೊದಲು. ನಡುವಿನ ವರ್ಷಗಳ ಕತೆ ಕಾಯುವಿಕೆಯದೇ. ಕಪ್ಪುಜನರ ಒಡೆತನದ, ಅವರ ಸಂಗೀತದ ರೇಡಿಯೋ ಬೇಕೆಂದು ಹಾಕಿದ ಅರ್ಜಿ 1990ರಲ್ಲಿ ತಿರಸ್ಕೃತವಾಗಿ, ಆ ಜಾಗ ಕಂಟ್ರಿ ಸಂಗೀತಕ್ಕೆ ಹೋಯಿತು. ಕೊನೆಗೆ ಅಂಥ ಸ್ಟೇಷನ್ನು, 'ಫ್ಲೋ 93.5', ಗಾಳಿಗೆ ಬಂದದ್ದು 2001ರಲ್ಲಿ. ಅಷ್ಟರೊಳಗೆ ಇಡೀ ಒಂದು ತಲೆಮಾರು ತನ್ನ ಕ್ಯಾಸೆಟ್ಟು, ಸಿಡಿಗಳನ್ನು ಕೈಯಲ್ಲಿ ಹಿಡಿದು ರಸ್ತೆಯಲ್ಲೇ ಮಾರಿತ್ತು. 1998ರಲ್ಲಿ ವ್ಯಾಂಕೂವರಿನ ರ‍್ಯಾಸ್ಕಲ್ಜ್ ತಂಡ ಜೂನೋ ಪ್ರಶಸ್ತಿಯನ್ನು ಬೇಡವೆಂದಿತು. ರ‍್ಯಾಪ್ ಪ್ರಶಸ್ತಿಯನ್ನು ಟಿವಿಯಲ್ಲಿ ತೋರಿಸದೆ ಪಕ್ಕಕ್ಕಿಟ್ಟು ಕೊಡುತ್ತಾರೆಂಬುದು ಅವರ ಸಿಟ್ಟು. ಮರುವರ್ಷ ಅದೇ ವೇದಿಕೆಯಲ್ಲಿ, ಟಿವಿಯ ಮುಂದೆ, ಕಾರ್ಡಿನಲ್ ಆಫಿಷಲ್, ಚೊಕ್ಲೇರ್, ಥ್ರಸ್ಟ್, ಚೆಕ್‌ಮೇಟ್ ಅವರನ್ನು ಜೊತೆಗೆ ನಿಲ್ಲಿಸಿಕೊಂಡು 'ನಾರ್ದರ್ನ್ ಟಚ್' ಹಾಡಿದರು. ಹಾಡು ಕೆಲವೇ ನಿಮಿಷದ್ದು. ಅದರ ಹಿಂದಿನ ಆ ಒಂದು 'ಬೇಡ' ಎಷ್ಟು ಜನರಿಗೆ ಬಾಗಿಲು ತೆರೆಯಿತು ಎಂದು ನಾನು ಆ ಮೂಲೆಯಲ್ಲಿ ನಿಂತು ಯೋಚಿಸಿದ್ದೇನೆ.

ಡ್ರೇಕ್ ಬಗ್ಗೆ ಹೇಳಲೇಬೇಕೆಂದಿಲ್ಲ, ಅವನು ಎಲ್ಲರಿಗೂ ಗೊತ್ತು. 2009ರಲ್ಲಿ ಅವನನ್ನು ಮೇಲೆತ್ತಿದ 'ಸೋ ಫಾರ್ ಗಾನ್' ಕೂಡ ಕಂಪನಿಯ ಸಹಿ ಬೀಳುವ ಮುಂಚೆ, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಪುಕ್ಕಟೆಯಾಗಿ ಬಿಟ್ಟದ್ದು ಎನ್ನುವಷ್ಟು ನೆನಪಿರಲಿ. ನನ್ನ ತಂಗಿಯ ಮಗ ಮೆಚ್ಚಿಕೊಂಡಿರುವುದು ಬೇರೆಯವರನ್ನು. ಒಂಟಾರಿಯೋದ ಲಂಡನ್ ಎಂಬ ಊರಿನಲ್ಲಿ ಬೆಳೆದ, ರುವಾಂಡಾ ಮೂಲದ ಶ್ಯಾಡ್ ಅವರಲ್ಲೊಬ್ಬ. ಒಂದು ರೇಡಿಯೋ ಸ್ಪರ್ಧೆಯಲ್ಲಿ ಗೆದ್ದ 17,500 ಡಾಲರಿನಲ್ಲಿ ತನ್ನ ಮೊದಲ ಆಲ್ಬಂ ತಾನೇ 2005ರಲ್ಲಿ ಹೊರತಂದ. 2011ರಲ್ಲಿ ರ‍್ಯಾಪ್ ಜೂನೋ ಡ್ರೇಕ್‌ಗೆ ಸಿಗದೆ ಅವನಿಗೆ ಸಿಕ್ಕಿತು. ಇನ್ನೊಬ್ಬಳು ಪಕ್ಕದ ಬ್ರಾಂಪ್ಟನ್ನಿನ ಹಾವಿಯಾ ಮೈಟಿ. ಅಣ್ಣತಮ್ಮ ಅಕ್ಕತಂಗಿಯರೂ ಸಂಗೀತದವರೇ ಇರುವ ಮನೆ. 2019ರಲ್ಲಿ '13ತ್ ಫ್ಲೋರ್' ಆಲ್ಬಮ್ಮಿಗೆ, ಕೆನಡಾದ ವರ್ಷದ ಶ್ರೇಷ್ಠ ಆಲ್ಬಮ್ಮಿಗೆ ಸಲ್ಲುವ ಪೊಲಾರಿಸ್ ಪ್ರಶಸ್ತಿ ಪಡೆದಳು. ಹಿಪ್‌ಹಾಪಿಗೆ ಅದು ಸಂದದ್ದು ಅದೇ ಮೊದಲು, ಜೊತೆಗೆ 50 ಸಾವಿರ ಡಾಲರ್. 2022ರಲ್ಲಿ ರ‍್ಯಾಪ್ ಆಲ್ಬಂ ಜೂನೋ ಗೆದ್ದ ಮೊದಲ ಹೆಣ್ಣುಮಗಳೂ ಆದಳು. ಅಷ್ಟು ದೊಡ್ಡ ಪ್ರಶಸ್ತಿ ಹೊರಗಿನ ಒಂದು ಉಪನಗರಕ್ಕೆ ಬಂದದ್ದು ರಿಚ್ಮಂಡ್ ಹಿಲ್‌ನ ಹುಡುಗನಿಗೆ ತನ್ನ ಮನೆಗೇ ಬಂದಷ್ಟು ಖುಷಿ.

ಶುಕ್ರವಾರ ಸಂಜೆ ಅಜ್ಜಿಯನ್ನು ಬೇವ್ಯೂ ರಸ್ತೆಯ ಗಣೇಶ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು ಅವನ ಪಾಲಿನ ಕೆಲಸ. ಹೊರಗೆ ಹಿಮದ ಗುಡ್ಡೆ, ಒಳಗೆ ಕಾಲು ಬೆಚ್ಚಗಾಗುವ ನೆಲ, ಕರ್ಪೂರ, ಒದ್ದೆ ಉಣ್ಣೆ, ಪ್ರಸಾದದ ತುಪ್ಪ. ಗಣೇಶನಿಗೆ ಒಂದು ಗರ್ಭಗುಡಿ, ಮುರುಗನಿಗೆ ಇನ್ನೊಂದು. ನಮ್ಮ ಕನ್ನಡದ ಮನೆಗಳವರೂ ಬರುತ್ತಾರೆ, ಕಿವಿಗೆ ಹೆಚ್ಚು ಬೀಳುವುದು ಮಾತ್ರ ಯಾಳ್ಪಾಣದ, ಎಂದರೆ ಜಾಫ್ನಾದ, ತಮಿಳು. 1983ರ ಜುಲೈ ಗಲಭೆಯ ನಂತರ ಶ್ರೀಲಂಕಾ ಬಿಟ್ಟು ಬಂದವರು ಟೊರೊಂಟೊ ಸೀಮೆಯಲ್ಲಿ ಕಟ್ಟಿಕೊಂಡ ಬದುಕಿನ ಒಂದು ತುಂಡು ಇಲ್ಲಿದೆ. ಮಂಗಳಾರತಿಯ ಹೊತ್ತಿಗೆ ನಾದಸ್ವರದ ಹಿಂದೆ ತವಿಲು ಎದ್ದಿತು. ಹುಡುಗನ ತೋರುಬೆರಳು ತನಗೆ ತಿಳಿಯದೆಯೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಆ ಜನರ ನಡುವಿನಿಂದಲೇ ಎದ್ದವನು ಶಾನ್ ವಿನ್ಸೆಂಟ್ ಡಿ ಪಾಲ್. ಯಾಳ್ಪಾಣದಲ್ಲಿ ಹುಟ್ಟಿ, ಯುದ್ಧದ ಕಾಲಕ್ಕೆ ಮನೆಯವರ ಜೊತೆ ಊರು ಬಿಟ್ಟು, ಟೊರೊಂಟೊ ಸೀಮೆಯಲ್ಲಿ ಬೆಳೆದು, ತನ್ನ ಆಲ್ಬಮ್ಮುಗಳನ್ನು ತಾನೇ ಹೊರತಂದವನು. 2019ರ ಸುಮಾರಿಗೆ ಅವನೂ ಯಾಂಚನ್ ಎಂಬ ಟೊರೊಂಟೊದ ಮೃದಂಗ ವಾದಕನೂ ಸೇರಿ 'ಮೃದಂಗಂ ರ‍್ಯಾಪ್ಸ್' ಎಂಬ ಸಣ್ಣ ವಿಡಿಯೋಗಳನ್ನು ಬಿಡತೊಡಗಿದರು. ಅಲಂಕಾರವೇನೂ ಇಲ್ಲ. ಒಬ್ಬ ಮೃದಂಗ ಮಡಿಲಲ್ಲಿಟ್ಟುಕೊಂಡು ಕೂತಿದ್ದಾನೆ, ಪಕ್ಕದಲ್ಲಿ ಇನ್ನೊಬ್ಬ ಇಂಗ್ಲಿಷಿನಲ್ಲಿ ಮಾತು ಹೊಸೆಯುತ್ತಿದ್ದಾನೆ. ಮೃದಂಗದ ನಡೆ ಏರಿದ ಕಡೆ ಮಾತು ಎರಡರಷ್ಟು ವೇಗಕ್ಕೆ ಏರುತ್ತದೆ, ಮುಕ್ತಾಯಕ್ಕೆ ಇಬ್ಬರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಮೃದಂಗದ ಸೊಲ್ಲನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲು ಕೇಳಿ ಬೆಳೆದ ನಮ್ಮ ಕಿವಿಗೆ ಲೆಕ್ಕಾಚಾರ ತಕ್ಷಣ ಹತ್ತುತ್ತದೆ. ಇಂಥ ಹಾಡಿಕೆಯನ್ನು ಕಂಪನಿಯ ಕೋಣೆಯಲ್ಲಿ ಕೂತು ಯಾರೂ ಯೋಜಿಸಲಾರರು. ಇಬ್ಬರು ಗೆಳೆಯರ ಹಟದಿಂದ ಹುಟ್ಟುವಂಥದು ಇದು.

2021ರಲ್ಲಿ ಶಾನ್‌ನ 'ಮೇಡ್ ಇನ್ ಜಾಫ್ನಾ' ಬಂತು. ಅದೇ ವರ್ಷ ತಮಿಳು ನಿರ್ದೇಶಕ ಪಾ. ರಂಜಿತ್‌ರ 'ಸಾರ್ಪಟ್ಟ ಪರಂಬರೈ' ಚಿತ್ರಕ್ಕೆ ಸಂತೋಷ್ ನಾರಾಯಣನ್ ಸಂಗೀತದಲ್ಲಿ ಅವನೂ ಟೊರೊಂಟೊದ ನವ್ಜ್-47 ಎಂಬ ಹುಡುಗಿಯೂ 'ನೀಯೇ ಒಳಿ' ಹಾಡಿದರು. ಆ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಮುಖಪುಟದಲ್ಲಿ ಗಾಯಕಿ ಧೀ ಜೊತೆ ಶಾನ್ ಕಾಣಿಸಿಕೊಂಡ. 'ನೀಯೇ ಒಳಿ'ಗೂ, ಧೀ ಹಾಡಿದ 'ಎಂಜಾಯ್ ಎಂಜಾಮಿ'ಗೂ ಸಾಲು ಬರೆದ ಅರಿವು ಎಂಬ ಹಾಡುಗಾರ ಎಲ್ಲಿ ಎಂದು ರಂಜಿತ್ ಕೇಳಿದರು, ಕೇಳಲೇಬೇಕಿತ್ತು. ಪತ್ರಿಕೆ ಆಮೇಲೆ ಅರಿವು ಅವನನ್ನೂ ಮುಖಪುಟಕ್ಕೆ ತಂದಿತು. ಸ್ವತಂತ್ರ ಸಂಗೀತದವರ ಲೋಕದಲ್ಲೂ ಬರೆದವರ ಹೆಸರು ಜಾರಿಹೋಗುವುದು ಎಷ್ಟು ಸುಲಭ ಎಂಬುದಕ್ಕೆ ಇದೊಂದು ಸಾಕು.

ನಮ್ಮ ಕಡೆಗೂ ಇದು ದೂರದ ಮಾತಲ್ಲ. ಬೆಂಗಳೂರಿನಲ್ಲಿ ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್ ಮೊದಲಾದವರು 'ಮಚಾಸ್ ವಿತ್ ಆಟಿಟ್ಯೂಡ್' ಎಂದು ಗುಂಪು ಕಟ್ಟಿ ದಾರಿ ಮಾಡಿಕೊಂಡಾಗ ಇಂಥ ಹಾಡಿಗೆ ಅಲ್ಲಿ ಮಾರುಕಟ್ಟೆಯೇ ಇರಲಿಲ್ಲ. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೋ, ಎಂಸಿ ಬಿಜ್ಜು ಎಂದು ಈಗ ಹೆಸರು ಹೇಳುತ್ತ ಹೋಗಬಹುದು. ಅವರಿಗೂ ಬಹಳ ಹಿಂದೆ ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಡಪ್ಪು, ತುಂತುಣಿ ಹಿಡಿದು ಹರದೇಶಿ–ನಾಗೇಶಿ ಮೇಳಗಳು ಇಡೀ ರಾತ್ರಿ ಎದುರುಬದುರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಪದದಲ್ಲೇ ಸವಾಲು ಹಾಕಿ ಪದದಲ್ಲೇ ಜವಾಬು ಕೊಡುತ್ತಿದ್ದವು. ಇದನ್ನು ಹೇಳಿದಾಗ ಹುಡುಗ ಕಾರು ಪಕ್ಕಕ್ಕೆ ನಿಲ್ಲಿಸಿ ಯೂಟ್ಯೂಬಿನಲ್ಲಿ ಹುಡುಕಿದ. ಅಜ್ಜಿಯೂ ಸೇರಿ ಮೂವರೂ ದೇವಸ್ಥಾನದ ಪಾರ್ಕಿಂಗಿನಲ್ಲಿ ಕೂತು ಕೇಳಿದೆವು. "ಇದು ಬ್ಯಾಟಲ್ ದೊಡ್ಡಮ್ಮ, ಪಕ್ಕಾ ಬ್ಯಾಟಲ್!" ಎಂದ.

ಇನ್ನು ದುಡ್ಡಿನ ಮಾತು. ಅದು ಅಡುಗೆಮನೆಯ ಮೇಜಿನ ಮೇಲೆ, ಲ್ಯಾಪ್‌ಟಾಪು, ಅವಲಕ್ಕಿ ಬಟ್ಟಲುಗಳ ನಡುವೆ ಬಂತು. ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿದರೆ ವಿತರಣೆಯ ಕಂಪನಿಯೊಂದು ಹಾಡನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬು ಎಲ್ಲಕ್ಕೂ ತಲುಪಿಸುತ್ತದೆ. ಹಾಡಿನ ಮೂಲ ರೆಕಾರ್ಡಿಂಗ್ ಹುಡುಗನದ್ದೇ ಆಗಿ ಉಳಿಯುತ್ತದೆ. ಈ ಪರಿಯ ಬದುಕಿನ ಗಟ್ಟಿ ಆಸ್ತಿ ಅದೊಂದೇ. ಪ್ರತಿ ಸಲ ಕೇಳಿದ್ದಕ್ಕೆ ಸಿಗುವುದು ಒಂದು ಸೆಂಟಿನ ಮೂರನೇ ಒಂದು ಭಾಗದ ಆಸುಪಾಸು. ಸಾವಿರ ಸಲ ಕೇಳಿದರೆ ಮೂರು ನಾಲ್ಕು ಡಾಲರು, ಟೊರೊಂಟೊದಲ್ಲಿ ಒಂದು ಸಲ ಬಸ್ಸು ಹತ್ತುವ ದುಡ್ಡು. 2024ರಿಂದ ಸ್ಪಾಟಿಫೈ ಇನ್ನೊಂದು ಷರತ್ತು ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ಪಾಲಿನ ಆ ಕಾಸೂ ಇಲ್ಲ. ಈ ಹುಡುಗನಂಥವರ ಹಾಡುಗಳೇ ಹೆಚ್ಚಾಗಿ ಆ ಗೆರೆಯ ಕೆಳಗೆ ಬೀಳುತ್ತವೆ, ಇದು ನನಗೆ ನ್ಯಾಯವೆಂದು ಕಾಣುವುದಿಲ್ಲ.

"ಹಾಗಾದ್ರೆ ಯಾರಾದ್ರೂ ಕಂಪನಿಯವರು ಬಂದ್ರೆ ಸಹಿ ಹಾಕ್ತೀಯಾ?" ಎಂದು ಅವನ ತಾಯಿ ಕೇಳಿದಳು. ಅದಕ್ಕೆ ಅವನು ಕೇಡೆನ್ಸ್ ವೆಪನ್‌ನ ಕತೆ ಹೇಳಿದ. ಆ ಹೆಸರಿನಲ್ಲಿ ಹಾಡುವ, ಎಡ್ಮಂಟನ್ನಿನಿಂದ ಬಂದ ರಾಲಿ ಪೆಂಬರ್ಟನ್ ಇಪ್ಪತ್ತರ ಆಸುಪಾಸಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ. ರೆಕಾರ್ಡಿನಲ್ಲಿ ಮಾತ್ರವಲ್ಲ, ಪ್ರವಾಸ, ಅಂಗಿ ಮಾರಾಟ, ಇನ್ನಿತರ ಗಳಿಕೆ ಎಲ್ಲದರಲ್ಲೂ ಪಾಲು ಎಂಬ ಜಾತಿಯ ಒಪ್ಪಂದ. ಅದು ತನ್ನನ್ನು ಹೇಗೆ ಬರಿಗೈ ಮಾಡಿತು ಎಂದು ಅವನೇ 'ಬೆಡ್‌ರೂಮ್ ರ‍್ಯಾಪರ್' ಎಂಬ 2022ರ ಆತ್ಮಕಥನದಲ್ಲಿ ಬರೆದಿದ್ದಾನೆ. 2021ರಲ್ಲಿ ಪೊಲಾರಿಸ್ ಗೆದ್ದದ್ದು ಅದೇ ಮನುಷ್ಯ. ತಾಯಿ ಕೇಳಿ, ಅವಲಕ್ಕಿ ಬಟ್ಟಲು ಅವನ ಕಡೆ ತಳ್ಳಿ, "ಓದದೆ ಯಾವುದಕ್ಕೂ ಸಹಿ ಹಾಕಬೇಡ, ನನಗೆ ತೋರಿಸು" ಎಂದಳು.

ಇಲ್ಲಿ ಆಸರೆಗಳೂ ಇವೆ. ಕೆನಡಾದ ಸಂಗೀತಗಾರರಿಗೆ ರೆಕಾರ್ಡಿಂಗಿಗೆ, ಪ್ರವಾಸಕ್ಕೆ ನೆರವು ಕೊಡುವ ಫ್ಯಾಕ್ಟರ್ ಎಂಬ ಸಂಸ್ಥೆ 1982ರಿಂದ ಇದೆ. ಕೇಂದ್ರ ಸರ್ಕಾರದ ಹಣ, ಖಾಸಗಿ ರೇಡಿಯೋಗಳ ಪಾಲು ಎರಡೂ ಅದರೊಳಗೆ ಬರುತ್ತವೆ. ಜನಪ್ರಿಯ ಸಂಗೀತ ಹಾಕುವ ರೇಡಿಯೋಗಳು ವಾರದಲ್ಲಿ ಶೇ 35ರಷ್ಟು ಕೆನಡಾದ ಹಾಡು ಹಾಕಬೇಕೆಂಬ ನಿಯಮ ಬಹುಕಾಲದಿಂದ ನಡೆದು ಬಂದಿದೆ. ರಾಗ, ಹಾಡುಗಾರ, ಹಾಡಿದ ಜಾಗ, ಸಾಹಿತ್ಯ, ಈ ನಾಲ್ಕರಲ್ಲಿ ಎರಡು ಕೆನಡಾದ್ದಾದರೆ ಹಾಡು ಕೆನಡಾದ್ದು ಎಂಬುದು ಅದರ ಲೆಕ್ಕ. ಸಾಹಿತ್ಯದ ಭಾಷೆ ಇಂಥದೇ ಇರಲಿ ಎಂದು ಆ ನಾಲ್ಕರಲ್ಲಿ ಎಲ್ಲೂ ಇಲ್ಲ. ಅಗ್ರಹಾರದ ಓಣಿಯ ಬಗ್ಗೆ ಕನ್ನಡದಲ್ಲಿ ಬರೆದು ರಿಚ್ಮಂಡ್ ಹಿಲ್‌ನ ಕೋಟುಗಳ ನಡುವೆ ನಿಂತು ಹಾಡಿದ್ದು ಅಪ್ಪಟ ಕೆನಡಾದ ಹಾಡು. ಈ ಮಾತು ಕೇಳಿ ಅಜ್ಜಿಗಾದ ಸಂತೋಷ ಹೇಳತೀರದು.

ಹಾಡು ಹೊರಬರುವ ವಾರ ಅವನಿಗೆ ಡೌನ್‌ಟೌನಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಎಂಟು ನಿಮಿಷ ಸಿಕ್ಕಿತು. ಪಟ್ಟಿಯಲ್ಲಿ ಅವನು ಮೂರನೆಯವನು. ಕೆಂಪು ದೀಪ, ಬಿಯರು ಚೆಲ್ಲಿ ಅಂಟಂಟಾದ ನೆಲ, ಗೋಡೆಯ ಮೇಲೆ ಒಂದರ ಮೇಲೊಂದು ಅಂಟಿಸಿದ ಹಳೆಯ ಪೋಸ್ಟರುಗಳು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಧ್ವನಿ ನೋಡಿಕೊಳ್ಳುವವನ ಮೇಜಿನ ಪಕ್ಕ ನಿಂತೆ. ಬಂದವರಲ್ಲಿ ಹೆಚ್ಚಿನವರು ಮುಂದೆ ಹಾಡಬೇಕಾದವರು, ಇಲ್ಲವೇ ಅವರ ಗೆಳೆಯರು. ಮೊದಲ ಎಂಟು ಸಾಲಿಗೆ ತಲೆಗಳು ಅಷ್ಟಿಷ್ಟು ಆಡಿದವು. ಕನ್ನಡ ಬಂದ ಕೂಡಲೇ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಫೋನು ಕೆಳಗಿಳಿಸಿ ನೋಡತೊಡಗಿದಳು. ಹನ್ನೊಂದನೇ ಸಾಲು, ಆ ರಾತ್ರಿ ಬೇಸ್‌ಮೆಂಟಿನಲ್ಲಿ ಎಷ್ಟೋ ಸಲ ಎಡವಿದ್ದು, ತಾಳದ ಮೇಲೆ ಸರಿಯಾಗಿ ಬಿತ್ತು. ಮುಗಿದಾಗ ಹಿಂದಿನಿಂದ ಯಾರೋ ಕೂಗಿ ಆ ಕೊನೆಯ ಭಾಗವನ್ನು ಇನ್ನೊಮ್ಮೆ ಕೇಳಿದರು. ಡಿಜೆ ಸಂಗೀತ ನಿಲ್ಲಿಸಿದ, ಹುಡುಗ ಬರೀ ಬಾಯಲ್ಲಿ ಹಾಡಿದ, ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು.

ಆಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಅವನು ತಾನೇ ಅಚ್ಚು ಹಾಕಿಸಿದ ಟೀ ಶರ್ಟುಗಳನ್ನು ಹರಡಿದ. ಆ ಫೋನು ಇಳಿಸಿದ ಹುಡುಗಿ ಒಂದು ಕೊಂಡಳು, ಧ್ವನಿಯವನು ಒಂದು ಕೊಂಡ, ತನಗೆ ಸಾಲಲಾರದ ಅಳತೆಯದು. ಡಿಜೆಯ ಪಾಲು ಕೊಟ್ಟ. ಫೋಟೋ ತೆಗೆದ ಗೆಳತಿಗೆ ಊಟದ ದುಡ್ಡು ಕೊಡಲು ಹೋದರೆ ಅವಳು ಬೇಡವೆಂದಳು, ಅವನು ಬಿಡದೆ ಕೈಯೊಳಗಿಟ್ಟ. ಉಳಿದದ್ದನ್ನು ಎಣಿಸಿ, "ದೊಡ್ಡಮ್ಮ, ಮುಂದಿನ ಹಾಡಿನ ಮಿಕ್ಸಿಂಗಿಗೆ ಅರ್ಧ ಆಯ್ತು" ಎಂದು ಜೇಬಿಗೆ ಹಾಕಿಕೊಂಡ. ವೇದಿಕೆಯ ಮೇಲೆ ನಾಲ್ಕನೆಯವನ ಹೆಸರು ಕೂಗಿದರು. ಹುಡುಗ ಶರ್ಟುಗಳ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಅವನಿಗೆ ಚಪ್ಪಾಳೆ ತಟ್ಟಲು ಎಲ್ಲರಿಗಿಂತ ಮುಂದೆ ಹೋಗಿ ನಿಂತ.